ಅರಮನೆಗೆ ಜೋಳಿಗೆ ಹಿಡಿದ ಬಾಳವ್ವ

ಬಹಳ ಹಿಂದೆ, ಈ ಬಯಲುಸೀಮೆಯ ಒಂದೂರಲ್ಲಿ, ಬಾಳವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳಂತೆ. ಆ ಊರು ಬೇರೆ ಯಾವುದೂ ಅಲ್ಲ, ನಾವು ಕೂತಿರುವ ಈ ಕೆಂಚನಕೋಟೆಯೇ. ಎಷ್ಟು ಹಿಂದೆ ಅಂತ ನನ್ನ ಕೇಳಬೇಡಿ. ನನಗೆ ನಮ್ಮಜ್ಜಿ ಹೇಳಿದಳು, ನಮ್ಮಜ್ಜಿಗೆ ಅವಳ ಅಜ್ಜಿ ಹೇಳಿದಳು, ಆ ಅಜ್ಜಿಗೆ ಯಾರು ಹೇಳಿದರೋ ಶಿವನೇ ಬಲ್ಲ. ಆಗ ಕೋಟೆಯ ಅಗಳಲ್ಲಿ ನೀರಿತ್ತಂತೆ, ನೀರಲ್ಲಿ ತಾವರೆ ಇತ್ತಂತೆ. ಗುಡ್ಡದ ಮೇಲೆ ಅರಮನೆ ಇತ್ತು, ಆದರೆ ಅರಮನೆಯಲ್ಲಿ ಅರಸುತನ ಇರಲಿಲ್ಲ.

ಬಾಳವ್ವನ ಕತೆ ಹೇಳಬೇಕಾದರೆ ಮೊದಲು ತವರಂಕಣದ ಕತೆ ಹೇಳಬೇಕು. ಅರಮನೆಯ ಒಳಗೆ, ಹಿತ್ತಲ ಕಡೆಗೆ, ಕಂಬ ಕಂಬದ ದೊಡ್ಡ ಅಂಕಣ. ಅದನ್ನು ಮಾಡಿಸಿದವಳು ಹಿರೇರಾಣಿ. ಹಿರೇರಾಣಿಗೆ ಇದ್ದವಳು ಒಬ್ಬಳೇ ಮಗಳು. ಆ ಮಗಳನ್ನು ಹೊಳೆಯಾಚೆಯ ಅರಸುಮನೆಗೆ ಕೊಟ್ಟರು. ಕೊಟ್ಟ ಮೇಲೆ ಎರಡು ಮನೆತನಕ್ಕೂ ಹಗೆ ಹುಟ್ಟಿತು. ಮಗಳು ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ರಾಣಿ ಗುಡ್ಡದ ತುದಿಗೆ ನಿಂತು ಹೊಳೆಯ ಕಡೆ ನೋಡಿದಳು, ನೋಡಿದಳು, ನೋಡಿ ನೋಡಿ ಕಣ್ಣು ಮಂಜಾದವಂತೆ. ಆಮೇಲೆ ಅವಳು ಊರಿಗೆ ಡಂಗುರ ಹೊಡೆಸಿದಳು. ತನ್ನ ಮಗಳಂತೂ ಬರಲಿಲ್ಲ, ಆದರೆ ಈ ಊರಿಂದ ಕೊಟ್ಟ ಯಾವ ಮಗಳಿಗೂ ಇನ್ನು ತವರು ತಪ್ಪಬಾರದು. ಅಪ್ಪ ಅವ್ವ ಸತ್ತಿರಲಿ, ಮನೆ ಬಿದ್ದಿರಲಿ, ಅಣ್ಣ ತಮ್ಮ ಬಾಗಿಲು ಹಾಕಿರಲಿ, ಯಾವ ಓಣಿಯ ಮಗಳೇ ಆಗಿರಲಿ, ಶ್ರಾವಣದ ನಾಗರ ಪಂಚಮಿಗೆ ಈ ಅಂಕಣಕ್ಕೆ ಬರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು, ಕೈತುಂಬ ಬಳೆ ಇಟ್ಟುಕೊಂಡು ಹೋಗಬೇಕು. ಹಾಗಂತ ಹೇಳಿಸಿದಳಂತೆ.

ಆ ಅಂಕಣದ ಒಳಗು ಹೇಗಿತ್ತು ಅಂತೀರಿ. ಗೋಡೆಯ ಗಾರೆಯನ್ನು ತಿಕ್ಕಿ ತಿಕ್ಕಿ ಹೊಳಪು ತಂದಿದ್ದರಂತೆ, ಮುಖ ಕಾಣುತ್ತಿತ್ತಂತೆ. ಚಾವಣಿಯ ತುಂಬ ಹಸಿರು ಗಿಳಿ. ನಡುವೆ ಹಿತ್ತಾಳೆ ಸರಪಳಿಯ ಜೋಕಾಲಿ. ಮತ್ತೆ ಉದ್ದಾನುದ್ದ ಗೋಡೆಯ ಮೇಲೆ ಚಿತ್ರ. ಬೇರೆ ಅರಮನೆಗಳಲ್ಲಿ ಏನು ಬರೆಸ್ತಾರೆ, ಯುದ್ಧ ಬರೆಸ್ತಾರೆ, ಬೇಟೆ ಬರೆಸ್ತಾರೆ. ಇಲ್ಲಿ ಹಿರೇರಾಣಿ ಬರೆಸಿದ್ದು ಬಂಡಿಗಳನ್ನ. ಹೊಳೆ ದಾಟಿ, ಹೊಲ ದಾಟಿ, ಸಾಲು ಸಾಲು ಬಂಡಿ ಬರುತ್ತಿವೆ. ಎಲ್ಲಾ ಎತ್ತುಗಳ ಮುಖವೂ ಅಂಕಣದ ಬಾಗಿಲ ಕಡೆಗೆ. ಎಲ್ಲಾ ಬಂಡಿಯಲ್ಲೂ ಒಬ್ಬೊಬ್ಬ ಮಗಳು, ಮಡಿಲಲ್ಲಿ ಬುತ್ತಿ. ಊರಿಗೆ ಬರುವ ಬಂಡಿ ಮಾತ್ರ ಇತ್ತು, ಊರಿಂದ ಹೋಗುವ ಬಂಡಿ ಒಂದೂ ಇರಲಿಲ್ಲ, ಅಂತಾರೆ.

ರಾಣಿ ಹೋದಳು, ಅವಳ ಹಿಂದೆ ಬಂದವರೂ ಹೋದರು. ಯಾವುದೋ ದಂಡು ಬಂತು, ಸರಪಳಿ ಬಿಚ್ಚಿಕೊಂಡು ಹೋಯಿತು. ಬರಗಾಲದಲ್ಲಿ ಊರ ಜನವೇ ಅಂಕಣದೊಳಗೆ ಬಿಡಾರ ಮಾಡಿ ಒಲೆ ಹೂಡಿದರು. ಹೊಟ್ಟೆ ಉರಿಯುವಾಗ ಗೋಡೆ ಯಾರು ನೋಡ್ತಾರೆ. ಹೊಗೆ ಹತ್ತಿ ಗಿಳಿ ಕಪ್ಪಾದವು, ಎತ್ತು ಕಪ್ಪಾದವು, ಬಂಡಿಗಳು ಕತ್ತಲೆಯೊಳಗೆ ಹೋಗಿಬಿಟ್ಟವು. ಆದರೂ ಪಂಚಮಿಗೆ ತವರಿಲ್ಲದ ಒಬ್ಬಿಬ್ಬರು ಬರುತ್ತಿದ್ದರು. ತೊಲೆಗೆ ಹಗ್ಗ ಕಟ್ಟಿ ಆಡಿ ಹೋಗುತ್ತಿದ್ದರು. ಅರಮನೆಯ ಒಂದು ಮೂಲೆಯಲ್ಲಿ ಕೊನೆಯ ದೊರೆ ಗದ್ದಿಗೆಪ್ಪ ನಾಯಕ ಒಬ್ಬನೇ ಇದ್ದ. ಬಾಗಿಲಿಗೊಬ್ಬ ಮುದುಕ ಕಾವಲುಗಾರ. ದೊರೆಗೆ ಸೀಮೆ ಇರಲಿಲ್ಲ, ಕಂದಾಯ ಇರಲಿಲ್ಲ, ಮಾನ ಒಂದಿತ್ತು.

ಇನ್ನು ಬಾಳವ್ವ. ಅವಳು ಕುಂಬಾರ ಓಣಿಯ ಮಗಳು. ಅವಳಿಗೊಬ್ಬ ತಂಗಿ, ಕಾಶವ್ವ. ಇಬ್ಬರೂ ಒಂದೇ ತಾಟಿನಲ್ಲಿ ಉಂಡು, ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಅಕ್ಕನನ್ನು ಮೂಡಲ ಕಡೆಯ ಊರಿಗೆ ಕೊಟ್ಟರು, ತಂಗಿಯನ್ನು ಹೊಳೆಯಾಚೆಗೆ ಕೊಟ್ಟರು. ಹೋದ ಹೊಸತರಲ್ಲೇ ಊರಿಗೆ ಬೇನೆ ಬಂತು. ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ಹೋದರು. ಮಳೆಗೆ ಮನೆ ಕುಸಿಯಿತು. ಬಾಳವ್ವನ ಗಂಡನೂ ಹೆಚ್ಚು ದಿನ ಬಾಳಲಿಲ್ಲ. ಮಕ್ಕಳಿಲ್ಲದ ಅವಳು ಮೈದುನನ ಮನೆಯಲ್ಲಿ ಬೀಸುತ್ತ ಕುಟ್ಟುತ್ತ ಇದ್ದುಬಿಟ್ಟಳು.

ಒಂದು ಆಷಾಢದಲ್ಲಿ ಬಳೆಗಾರ ಬಂದ. ಆ ಕಾಲಕ್ಕೆ ಹೆಣ್ಣುಮಕ್ಕಳ ಮಾತು ಊರಿಂದ ಊರಿಗೆ ಒಯ್ಯುವವನು ಅವನೇ. ಬಾಳವ್ವನ ಕೈಗೆ ಬಳೆ ಇಡುವ ಹಾಗಿರಲಿಲ್ಲ, ಆದರೂ ಅವಳ ಮುಂದೆ ಬಳೆಯ ಮಲಾರ ಇಳಿಸಿ ಕೂತ. ಕಾಶವ್ವ ಹೇಳಿ ಕಳಿಸಿದ್ದಳಂತೆ. ಅಕ್ಕಾ, ಈ ಪಂಚಮಿಗೆ ನನ್ನ ಕಳಿಸ್ತೀವಿ ಅಂದಿದ್ದಾರೆ. ನಮಗೆ ಮನೆ ಇಲ್ಲ ಅಂತ ಚಿಂತೆ ಮಾಡಬೇಡ, ತವರಂಕಣ ಇದೆಯಲ್ಲ, ನೀನೂ ಬಾ. ಇಷ್ಟೇ ಮಾತು. ಬಾಳವ್ವ ಆ ಮಾತನ್ನು ಬಳೆಗಾರನಿಂದ ಮತ್ತೆ ಮತ್ತೆ ಹೇಳಿಸಿದಳಂತೆ, ಅವನು ಬೇಸರ ಮಾಡಿಕೊಳ್ಳದೆ ಮತ್ತೆ ಮತ್ತೆ ಹೇಳಿದನಂತೆ.

ಎಳ್ಳುಂಡಿ ಕಟ್ಟಿಕೊಂಡು ಬಾಳವ್ವ ಹೊರಟಳು. ಆದರೆ ನಡುವೆ ಹಳ್ಳ ಬಂದಿತ್ತು. ಕೆಂಪು ನೀರು ದಡ ತುಂಬಿ ಹರಿಯುತ್ತಿತ್ತು. ಆಚೆ ದಂಡೆಗೆ ಕೂತು ಕಾದಳು. ಹಳ್ಳ ಇಳಿದು ಅವಳು ಕೋಟೆಗೆ ಬರುವ ಹೊತ್ತಿಗೆ ಪಂಚಮಿ ಆಗಿಹೋಗಿತ್ತು. ಗುಡ್ಡ ಹತ್ತಿ ನೋಡುತ್ತಾಳೆ, ತವರಂಕಣದ ಮಾಳಿಗೆ ಅರ್ಧ ಕುಸಿದು ಕೂತಿದೆ. ಅದೇ ಮಳೆಗೆ ಬಿದ್ದದ್ದು. ಕಾವಲು ಮುದುಕ ಯಾರೂ ಒಳಗೆ ಹೋಗದ ಹಾಗೆ ಬಾಗಿಲಿಗೆ ಅಡ್ಡ ಮುಳ್ಳಿನ ಪಡಕು ಇಟ್ಟಿದ್ದ. ಬಾಳವ್ವ ಅವನನ್ನು ಕೇಳಿದಳು, ಹೊಳೆಯಾಚೆಯಿಂದ ಯಾರಾದರೂ ಬಂದಿದ್ದರೇನು ಅಂತ.

ಬಂದಿದ್ದಳು ಅಂದ ಮುದುಕ. ಜೊತೆಗೆ ಅವಳ ಭಾವ ಇದ್ದ. ಆ ಹುಡುಗಿ ಬಿದ್ದ ಮಾಳಿಗೆ ನೋಡಿ ಇಲ್ಲೇ ಕಟ್ಟೆಯ ಮೇಲೆ ಕೂತಳು, ಅಕ್ಕ ಬರ್ತಾಳೆ ಅಂತ ಸಂಜೆತನಕ ಕೂತಳು. ಭಾವ ಅವಸರ ಮಾಡಿದ. ಕೂಡಲಿಕ್ಕೆ ನೆರಳಿಲ್ಲದ ಇದೆಂಥಾ ತವರು, ಇದಕ್ಕಾಗಿ ಹೊಳೆ ದಾಟಿ ಬರಬೇಕಾ ಅಂದ. ಅವಳು ಎದ್ದು ಹೋದಳು. ತಿರುಗಿ ತಿರುಗಿ ನೋಡುತ್ತ ಹೋದಳು. ಹೀಗಂತ ಮುದುಕ ಹೇಳಿದನಂತೆ.

ಬಾಳವ್ವ ಅಳಲಿಲ್ಲ ಅಂತಾರೆ. ಅದೇ ಕಟ್ಟೆಯ ಮೇಲೆ ಕೂತಳಂತೆ, ತಂಗಿ ಕೂತ ಜಾಗದಲ್ಲಿ. ಎಳ್ಳುಂಡಿಯ ಗಂಟನ್ನು ಮುದುಕನ ಕೈಗೆ ಕೊಟ್ಟಳು. ಆ ಬಟ್ಟೆಯನ್ನೇ ಮಡಚಿ, ಎರಡು ತುದಿ ಗಂಟು ಹಾಕಿ, ಹೆಗಲಿಗೆ ಹಾಕಿಕೊಂಡಳು. ಅದೇ ಅವಳ ಜೋಳಿಗೆ. ಮೈದುನನ ಮನೆಗೆ ಅವಳು ಮತ್ತೆ ಹೋಗಲಿಲ್ಲ.

ಅವಳು ಎಲ್ಲಿಗೆ ಹೋದಳು ಅಂದರೆ, ಕೆಂಚನಕೋಟೆಯ ಹೆಣ್ಣುಮಕ್ಕಳನ್ನು ಯಾವ ಯಾವ ಊರಿಗೆ ಕೊಟ್ಟಿದ್ದರೋ ಆ ಎಲ್ಲಾ ಊರಿಗೆ ಹೋದಳು. ಸಾಹುಕಾರರ ಪಡಸಾಲೆಗೆ ಹೋಗಲಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ ನಿಂತು, ಕೆಂಚನಕೋಟೆಯ ಮಗಳು ಇದ್ದಾಳೇನವ್ವಾ ಅಂತ ಕೂಗುತ್ತಿದ್ದಳು. ಆ ಕೂಗಿಗೆ ಬೀಸುವ ಕಲ್ಲು ನಿಲ್ಲುತ್ತಿತ್ತು, ಒಲೆಯ ಮುಂದಿನವಳು ಏಳುತ್ತಿದ್ದಳು. ತವರಂಕಣ ಬಿದ್ದಿದೆ, ಎತ್ತಿ ನಿಲ್ಲಿಸಬೇಕು, ಏನಿದ್ದರೆ ಅದು ಕೊಡು ಅಂತ ಕೇಳುತ್ತಿದ್ದಳು.

ಹೆಣ್ಣುಮಕ್ಕಳ ಕೈಯಲ್ಲಿ ರೊಕ್ಕ ಎಲ್ಲಿಂದ ಬರಬೇಕು. ಅವರ ಕೈಗೆ ಸಿಕ್ಕುವುದು ಅಡುಗೆಮನೆಯದು, ಹಿತ್ತಲಿನದು. ಒಬ್ಬಳು ಬೆಲ್ಲದ ಹೆಂಟೆ ಕೊಟ್ಟಳು. ಒಬ್ಬಳು ಕೋಳಿಮೊಟ್ಟೆ ಕೊಟ್ಟಳು. ಸುಣ್ಣದ ಕಲ್ಲು ಸುಡುವವರ ಮನೆಗೆ ಹೋದ ಮಗಳು, ಒಂದು ಗೂಡು ಸುಣ್ಣ ನನ್ನದು ಅಂತ ಗಂಡನ ಜೊತೆ ಜಗಳ ಮಾಡಿ ಎತ್ತಿಟ್ಟಳು. ಗಾರೆಗೆ ಬೇಕಾದದ್ದು ಇವೇ ನೋಡಿ, ಸುಣ್ಣ, ಬೆಲ್ಲ, ಅಳಲೆಕಾಯಿಯ ನೀರು, ಮೊಟ್ಟೆಯ ಬಿಳಿ. ಬಾಳವ್ವ ಬರುತ್ತಾಳೆ ಅಂದರೆ ಆ ಊರಿನ ಕೋಳಿಗಳೆಲ್ಲ ಒಂದೊಂದು ಮೊಟ್ಟೆ ಹೆಚ್ಚಿಗೆ ಇಡುತ್ತಿದ್ದವು ಅಂತಾರೆ. ಅವಳ ಜೋಳಿಗೆಯಲ್ಲಿ ಹಾಕಿದ ಮೊಟ್ಟೆ ಒಂದೂ ಒಡೆಯಲಿಲ್ಲ ಅಂತಾರೆ. ಒಂದೂರಲ್ಲಿ ಅತ್ತೆಯೊಬ್ಬಳು ನಾಯಿ ಛೂ ಬಿಟ್ಟಳಂತೆ. ಆ ನಾಯಿ ಬಾಳವ್ವನ ಕಾಲು ಮೂಸಿ, ಬಾಲ ಆಡಿಸಿ, ಊರ ಗಡಿತನಕ ಅವಳ ಹಿಂದೆ ಬಂದು ಬಿಟ್ಟುಹೋಯಿತಂತೆ. ಮರುದಿನ ಆ ಅತ್ತೆಯೇ ಹಾದಿಗೆ ಬಂದು, ತಾನೂ ಒಬ್ಬರ ಮಗಳೇ ಅಂತ ಹೇಳಿ, ಸುಣ್ಣಕ್ಕೆ ಬೆರೆಸಲಿಕ್ಕೆ ಸೆರಗಿನಲ್ಲಿ ಕಟ್ಟಿದ ನೀಲಿಯ ಹೆಂಟೆ ಕೊಟ್ಟುಹೋದಳಂತೆ. ಅವಳ ತವರು ಕೆಂಚನಕೋಟೆ ಅಲ್ಲವೇ ಅಲ್ಲ.

ಎರಡು ಬೇಸಿಗೆ ಹೀಗೆ ತಿರುಗಿದಳು. ಕೊಟ್ಟದ್ದನ್ನೆಲ್ಲ ಆಯಾ ಊರಿನ ಗಾಡಿಯವರು ಸಂತೆಗೆ ಬರುವಾಗ ಹೇರಿಕೊಂಡು ತಂದರು. ಒಂದು ದಿನ ಅರಮನೆಯ ಬಾಗಿಲ ಮುಂದೆ ಗಾಡಿಗಳು ಸಾಲಾಗಿ ನಿಂತವು. ಗದ್ದಿಗೆಪ್ಪ ನಾಯಕ ಹೊರಗೆ ಬಂದ. ಹೆಗಲ ಮೇಲೆ ಹಳೆಯ ಶಾಲು, ಅದರ ಜರಿಯೆಲ್ಲ ಉದುರಿತ್ತು. ಇದೇನು ಅಂತ ಕೇಳಿದ. ಯಾರೋ ಹೇಳಿದರು, ಅರಮನೆಯ ಒಳಗನ್ನು ಸರಿಮಾಡಲಿಕ್ಕೆ ಬಾಳವ್ವ ಬೇಡಿ ತಂದದ್ದು ಅಂತ. ದೊರೆಯ ಮುಖ ಕಂದಿತು. ಗಾಡಿಯ ಹತ್ತಿರ ನಿಂತಿದ್ದ ಬಾಳವ್ವನ ಕಡೆ ತಿರುಗಿದ.

"ನಮ್ಮ ಹಿರ್ಯಾರು ಕೊಟ್ಟು ಬಂದವರು, ತಂಗಿ. ಈ ಮನಿತನ ಯಾರ ಮುಂದೂ ಕೈ ಒಡ್ಡಿಲ್ಲ. ನಾ ಸತ್ತ ಮ್ಯಾಲೆ ಏನರ ಮಾಡ್ಕೋರಿ. ನಾ ಇರೂತನಕ ಈ ಬಾಗಲದಾಗ ಭಿಕ್ಷಾ ಬರಬಾರದು. ಗಾಡಿ ತಿರುಗಿಸ್ರಿ" ಅಂದ.

ಗಾಡಿಯವರು ಹಗ್ಗಕ್ಕೆ ಕೈ ಹಾಕಿದರು. ಬಾಳವ್ವ ಮುಂದೆ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ ಮಾತಾಡಿದಳು.

"ಭಿಕ್ಷಾ ಅಲ್ರೀ ದಣಿ. ಇದು ಈ ಊರ ಹೆಣ್ಣಮಕ್ಕಳು ಕೊಟ್ಟದ್ದು. ಮಗಳು ತವರಿಗೆ ಬುತ್ತಿ ಕಟಗೊಂಡು ಬಂದ್ರ, ಬ್ಯಾಡ ತಿರುಗಿ ಒಯ್ಯಿ ಅಂತ ಯಾವ ತಂದಿ ಅಂತಾನ್ರೀ?"

ದೊರೆ ಶಾಲು ತೆಗೆದು ಕಾವಲು ಮುದುಕನ ಕೈಗೆ ಕೊಟ್ಟು, ಮೆಟ್ಟಿಲು ಇಳಿದು ಬಂದು, ಮೊದಲ ಗಾಡಿಯ ಸುಣ್ಣದ ಬುಟ್ಟಿಯನ್ನು ತಾನೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಸುಣ್ಣ ಉದುರಿ ಅವನ ಮೀಸೆ ಬೆಳ್ಳಗಾಯಿತು. ದೊರೆಯೇ ಹೊತ್ತ ಮೇಲೆ ಊರು ಸುಮ್ಮನೆ ನಿಲ್ಲುತ್ತದೆಯೇ. ಸಂಜೆಯೊಳಗೆ ಗಾಡಿ ಬರಿದಾದವು.

ಮಾಳಿಗೆ ಎತ್ತಲಿಕ್ಕೆ ಕಂಬ ಬೇಕಿತ್ತು. ತೇಗದ ಮರ ಈ ಸೀಮೆಯಲ್ಲಿ ಎಲ್ಲಿಯದು. ಗದ್ದಿಗೆಪ್ಪ ನಾಯಕ ತನ್ನ ಒಡ್ಡೋಲಗದ ಚಾವಡಿಯನ್ನು ತೋರಿಸಿದ. ಅಲ್ಲಿಯ ಕಂಬ ಬಿಚ್ಚಿ ಇಲ್ಲಿ ನಿಲ್ಲಿಸಿರಿ ಅಂದ. ಬಡಿಗರು ಹಿಂದೆಮುಂದೆ ನೋಡಿದರು, ಹಿರಿಯರು ಕೂತ ಜಾಗ ಬಯಲಾಗುತ್ತದಲ್ಲ ಅಂದರು. ಅಲ್ಲಿಗೆ ಇನ್ನು ಯಾರೂ ಬರುವುದಿಲ್ಲ, ಇಲ್ಲಿಗೆ ಬರುವವರಿದ್ದಾರೆ ಅಂತ ದೊರೆ ಹೇಳಿದನಂತೆ. ಗುಡ್ಡ ಹತ್ತಿದವರು ನೋಡಿದ್ದೀರಿ, ಒಡ್ಡೋಲಗ ಇವತ್ತಿಗೂ ಬಯಲೇ.

ಗೋಡೆಯ ಕೆಲಸಕ್ಕೆ ಚಿತ್ರಗಾರ ಮೋನಪ್ಪ ಬಂದ. ಕೂಲಿ ಏನು ಅಂತ ಕೇಳಿದ್ದಕ್ಕೆ, ನನ್ನ ತಂಗಿಯನ್ನೂ ದೂರ ಕೊಟ್ಟೀವಿ ಅಂದ, ಅಷ್ಟೇ. ಅವನು ಹಳೆಯ ಗೋಡೆಗೆ ಹೊಸ ಬಣ್ಣ ಹಚ್ಚಲಿಲ್ಲ. ಜೋಳದ ಹಿಟ್ಟನ್ನು ಮೆತ್ತಗೆ ಕಲಸಿ, ಮಸಿಯ ಮೇಲೆ ಒತ್ತಿ ಒತ್ತಿ ತೆಗೆಯಲಿಕ್ಕೆ ಹೆಂಗಸರಿಗೆ ತೋರಿಸಿಕೊಟ್ಟ. ತಿಕ್ಕಬಾರದು, ಒತ್ತಬೇಕು, ಅಷ್ಟೇ. ಊರ ಸೊಸೆಯಂದಿರೆಲ್ಲ ಬಂದರು. ಅವರ ತವರು ಬೇರೆ ಬೇರೆ ಊರು, ಆದರೂ ಬಂದರು. ಒತ್ತುತ್ತ ಹಾಡುತ್ತಿದ್ದರು. ದಿನವಿಡೀ ಒತ್ತಿದರೂ ಕಪ್ಪೇ ಕಪ್ಪು. ಒಂದು ಮಧ್ಯಾಹ್ನ ಬಾಳವ್ವ ಒತ್ತಿ ತೆಗೆದ ಹಿಟ್ಟಿನ ಕೆಳಗೆ ಒಂದು ಕಣ್ಣು ಕಾಣಿಸಿತು. ಎತ್ತಿನ ಕಣ್ಣು. ಮಿಣ್ಣಗೆ ಬಾಗಿಲ ಕಡೆಗೆ ನೋಡುತ್ತಿತ್ತು. ಹಾಡು ನಿಂತುಹೋಯಿತು. ಒಬ್ಬೊಬ್ಬರೇ ಬಂದು ಆ ಕಣ್ಣು ನೋಡಿ ಹೋದರು. ಆಮೇಲೆ ಕೊಂಬು ಬಂತು, ನೊಗ ಬಂತು, ಬಂಡಿ ಬಂತು, ಬಂಡಿಯೊಳಗಿನ ಮಗಳು ಬಂದಳು. ಎಷ್ಟೋ ಕಾಲ ಹೊಗೆಯೊಳಗೆ ಹಾದಿ ನಡೆದು ಬಂದವರ ಹಾಗೆ ಒಬ್ಬೊಬ್ಬರೇ ಬಂದರಂತೆ.

ಒಂದು ಕಡೆ ಮಾತ್ರ ಗಾರೆಯೇ ಉದುರಿಹೋಗಿತ್ತು, ಒತ್ತಿದರೆ ಬರುವಂಥದು ಏನೂ ಇರಲಿಲ್ಲ. ಅಲ್ಲಿಗೆ ಹೊಸ ಗಾರೆ ಹಾಕಿ ಮೋನಪ್ಪ ಬಾಳವ್ವನನ್ನು ಕೇಳಿದ, ಇಲ್ಲಿ ನಿನ್ನ ತಂಗಿಯ ಬಂಡಿ ಬರೀಲೇನಕ್ಕಾ ಅಂತ. ಬಾಳವ್ವ ಬೇಡ ಅಂದಳು. ಗೋಡೆಯ ಮೇಲೆ ಬಂದುಬಿಟ್ಟರೆ ನಿಜವಾಗಿ ಬರುವುದು ಬಿಟ್ಟಾಳು ಅಂತ ಅವಳಿಗೆ ಹೆದರಿಕೆ. ಬರೀ ದಾರಿ ಬರಿ ಅಂದಳು. ಮೋನಪ್ಪ ಬರೀ ದಾರಿ ಬರೆದ.

ಪಂಚಮಿಗೆ ಮುಂಚೆ ಎಲ್ಲಾ ಮುಗಿಯಿತು. ಗಾರೆ ಹೊಳೆಯಿತು, ಗಿಳಿಗಳು ಹಸಿರಾದವು. ಸರಪಳಿ ಇರಲಿಲ್ಲ, ಹೊಸ ಹಗ್ಗ ಹಾಕಿದರು. ಬಾಳವ್ವ ಬಳೆಗಾರನನ್ನು ಹೊಳೆಯಾಚೆಗೆ ಕಳಿಸಿದಳು. ತವರು ಎದ್ದು ನಿಂತಿದೆ, ಕಾಶೀ, ಈಗ ಬಾ ಅಂತ ಹೇಳು ಅಂದಳು.

ಆ ಪಂಚಮಿಗೆ ಬಂದಷ್ಟು ಬಂಡಿ ಗುಡ್ಡ ಮತ್ತೆಂದೂ ನೋಡಿಲ್ಲ ಅಂತಾರೆ. ಮೊಟ್ಟೆ ಕೊಟ್ಟವರು ಬಂದರು, ಬೆಲ್ಲ ಕೊಟ್ಟವರು ಬಂದರು. ಗೋಡೆಯ ಮೇಲಿನ ಬಂಡಿ ಯಾವುದು, ಹೊರಗೆ ನಿಂತ ಬಂಡಿ ಯಾವುದು ತಿಳಿಯದ ಹಾಗೆ ಬಂದರು. ಗೋಡೆ ಮುಟ್ಟಿ ಮುಟ್ಟಿ, ಇದರೊಳಗೆ ನಮ್ಮ ಕೋಳಿಯ ಮೊಟ್ಟೆ ಇದೆ ಅಂತ ನಕ್ಕರು. ಅಪ್ಪ ಅವ್ವ ಇಲ್ಲದ ಮುದುಕಿಯರು ಜೋಕಾಲಿ ಏರಿ ಹುಡುಗಿಯರಾದರು. ಗದ್ದಿಗೆಪ್ಪ ನಾಯಕ ಬಾಗಿಲಲ್ಲಿ ನಿಂತು ಪ್ರತಿಯೊಬ್ಬಳಿಗೂ, ಬಾ ಮಗಳೇ ಅಂದ. ಬಾಳವ್ವ ಮಾತ್ರ ಒಳಗೆ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಹೊಳೆಯ ಕಡೆಯ ಹಾದಿ ನೋಡಿದಳು. ಕಾಶವ್ವ ಬರಲಿಲ್ಲ.

ಬಳೆಗಾರ ಸುದ್ದಿ ತಂದ. ಬರುವ ವರ್ಷ ಕಳಿಸೋಣ ಅಂದಿದ್ದಾರೆ ಅಂದ. ಬರುವ ವರ್ಷ ಅವಳು ಬಾಣಂತಿ ಅಂದರು. ಅದರ ಮರುವರ್ಷ ಹೊಳೆ ತುಂಬಿದೆ ಅಂದರು. ಆಮೇಲೆ ಕಳೆ ತೆಗೆಯುವವರಿಲ್ಲ ಅಂದರು. ಕಳಿಸುವುದಿಲ್ಲ ಅಂತ ಯಾರೂ ಒಂದು ಸಲವೂ ಅನ್ನಲಿಲ್ಲ. ನೋಡೋಣ ಅಂದರು. ಬಾಳವ್ವ ಅಂಕಣ ಬಿಟ್ಟು ಕದಲಲಿಲ್ಲ. ಪ್ರತಿ ಬೇಸಿಗೆಗೆ ಹೊರಗೋಡೆಗೆ ಸುಣ್ಣ ಬಳಿದಳು, ಪ್ರತಿ ಪಂಚಮಿಗೆ ಉಂಡಿ ಕಟ್ಟಿದಳು, ಪ್ರತಿ ಪಂಚಮಿಗೂ ಕಟ್ಟೆಯ ಮೇಲೆ ಕೂತಳು. ಗದ್ದಿಗೆಪ್ಪ ನಾಯಕ ತೀರಿಹೋದ. ಬಳೆಗಾರನಿಗೆ ನಡೆಯಲಾಗದೆ ಅವನು ಬರುವುದೂ ನಿಂತಿತು. ಬಾಳವ್ವನ ಕೂದಲು ಗೋಡೆಯ ಬಣ್ಣಕ್ಕೆ ಬಂತು.

ಒಂದು ಪಂಚಮಿಯ ದಿನ, ಬಂದವರೆಲ್ಲ ಆಡಿ ಉಂಡು ಹೋದ ಮೇಲೆ, ಹೊಳೆಯ ಕಡೆಯಿಂದ ಒಂದು ಬಂಡಿ ಬಂತು. ಅದರಿಂದ ಹರೆಯದ ಹೆಣ್ಣುಮಗಳೊಬ್ಬಳು ಇಳಿದಳು. ಬಾಗಿಲ ಹೊರಗೇ ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ. ತಾನು ಈ ಊರ ಮಗಳಲ್ಲ ಅಂದಳು. ತನ್ನ ಅವ್ವ ಈ ಊರಿನವಳು, ಕುಂಬಾರ ಓಣಿಯವಳು, ಹೋದ ಚಳಿಗಾಲಕ್ಕೆ ತೀರಿಕೊಂಡಳು. ಪ್ರತಿ ಶ್ರಾವಣಕ್ಕೆ ಅವ್ವ ಸೀರೆ ಮಡಚಿ ಗಂಟು ಕಟ್ಟುತ್ತಿದ್ದಳು, ಪ್ರತಿ ಶ್ರಾವಣ ಮುಗಿದ ಮೇಲೆ ಬಿಚ್ಚುತ್ತಿದ್ದಳು. ಕಳಿಸಲೇ ಇಲ್ಲ. ಆ ಅಂಕಣ ಹೇಗಿದೆಯೋ ಒಂದು ಸಲ ನೋಡಿ ಬಾ ಅಂತ ಸಾಯುವ ಮುಂಚೆ ಹೇಳಿದ್ದಳು. ಅದಕ್ಕೆ ಬಂದೆ, ಹೊರಗಿಂದ ನೋಡಿ ಹೋಗುತ್ತೇನೆ ಅಂದಳು.

ಬಾಳವ್ವ ಅವಳ ಮುಖ ನೋಡಿದಳು. ಕೇಳುವುದು ಏನೂ ಇರಲಿಲ್ಲ, ಆದರೂ ಕೇಳಿದಳು.

"ನಿನ್ನ ಹೆಸರೇನವ್ವಾ?"

"ಬಾಳವ್ವ" ಅಂದಳು ಹುಡುಗಿ. "ನಮ್ಮ ದೊಡ್ಡವ್ವನ ಹೆಸರು ಇಟ್ಟಾಳಂತ."

ಮುದುಕಿ ಬಾಳವ್ವ ಆ ಹುಡುಗಿಯ ಕೈ ಹಿಡಿದು ಒಳಗೆ ಕರೆತಂದಳು. ಜೋಕಾಲಿಯ ಮೇಲೆ ಕೂಡಿಸಿದಳು. "ಇದು ನಿಮ್ಮವ್ವನ ಜಾಗ. ಕೂಡು" ಅಂದಳು. ಹುಡುಗಿ ಕೂತಳು. ಬಾಳವ್ವ ಹಿಂದೆ ನಿಂತು ಜೋಕಾಲಿ ತೂಗಿದಳು. ಗಟ್ಟಿಯಾಗಿ ತೂಗಲಿಲ್ಲ, ಮೆಲ್ಲಗೆ ತೂಗಿದಳು. ಹೊತ್ತು ಮುಳುಗುವತನಕ ತೂಗಿದಳು. ಇಬ್ಬರೂ ಏನು ಮಾತಾಡಿಕೊಂಡರೋ ಯಾರಿಗೂ ಗೊತ್ತಿಲ್ಲ. ಹೋಗುವಾಗ ಹುಡುಗಿಯ ಎರಡೂ ಕೈ ತುಂಬ ಹಸಿರು ಬಳೆ ಇದ್ದವಂತೆ.

ಅದಾದ ಮೇಲೆ ಬಾಳವ್ವ ಹೊಳೆಯ ಹಾದಿ ನೋಡುತ್ತ ಕೂಡುವುದನ್ನು ಬಿಟ್ಟಳು. ಗುಡ್ಡ ಇಳಿದು ಊರ ಅಗಸೆ ಬಾಗಿಲಿಗೆ ಬಂದು ಕೂಡಲು ಸುರುಮಾಡಿದಳು. ಊರ ಯಾವ ಮಗಳ ಮದುವೆಯಾಗಿ ದಿಬ್ಬಣ ಹೊರಟರೂ, ಅವಳು ಎದ್ದು ಬಂಡಿಯ ಮುಂದೆ ನಿಲ್ಲುತ್ತಿದ್ದಳು. ಎತ್ತಿನ ಮೂಗುದಾರ ಹಿಡಿದು, ಗಂಡಿನ ಕಡೆಯ ಹಿರಿಯನನ್ನು ಒಂದೇ ಮಾತು ಕೇಳುತ್ತಿದ್ದಳು. "ಯಾವಾಗ ಕಳಸ್ತೀರಿ?" ನೋಡೋಣ ಅಂದರೆ ದಾರಿ ಬಿಡುತ್ತಿರಲಿಲ್ಲ. ಮಳೆ ಬೆಳೆ ನೋಡಿಕೊಂಡು ಹೇಳ್ತೀವಿ ಅಂದರೂ ಬಿಡುತ್ತಿರಲಿಲ್ಲ. ಪಂಚಮಿಗೆ ಕಳಸ್ತೀವಿ ಅಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆಯೇ ಮೂಗುದಾರ ಬಿಡುತ್ತಿದ್ದಳು. ಸಿಟ್ಟು ಮಾಡಿದ ಬೀಗರಿದ್ದಾರೆ, ಬೈದವರಿದ್ದಾರೆ. ಹೇಳದೆ ಹೋದವರು ಇಲ್ಲ. ಸಾಯುವ ದಿನವೂ ಅವಳು ಅಗಸೆಯಲ್ಲೇ ಕೂತಿದ್ದಳು ಅಂತಾರೆ.

ಅವಳಿಗೆ ಗುಡಿ ಇಲ್ಲ, ಗದ್ದಿಗೆ ಇಲ್ಲ. ಅವಳ ಮುಖ ಹೇಗಿತ್ತು ಅಂತ ಹೇಳುವವರೂ ಇಲ್ಲ. ಆದರೆ ಕೆಂಚನಕೋಟೆಯಿಂದ ಇವತ್ತಿಗೂ ಯಾವ ಮದುಮಗಳೂ ಸುಮ್ಮನೆ ಹೋಗುವುದಿಲ್ಲ. ಈಗ ಬಂಡಿ ಹೋಗಿ ಟೆಂಪೋ ಬಂದಿವೆ, ಕಾರು ಬಂದಿವೆ. ಅಗಸೆಗೆ ಬಂದ ಕೂಡಲೇ ಡ್ರೈವರ್ ತಾನೇ ಇಂಜಿನ್ ಬಂದ್ ಮಾಡುತ್ತಾನೆ, ಬೇರೆ ಊರಿನವನಾದರೆ ಯಾರಾದರೂ ಹೇಳಿ ಮಾಡಿಸುತ್ತಾರೆ. ವಾಲಗದವರೂ ನಿಲ್ಲಿಸುತ್ತಾರೆ. ಊರ ಹಿರಿಯ ಹೆಂಗಸೊಬ್ಬಳು ಮುಂದೆ ಬಂದು, ಗಾಡಿಯ ಮೇಲೆ ಕೈಯಿಟ್ಟು ಕೇಳುತ್ತಾಳೆ, ಯಾವಾಗ ಕಳಸ್ತೀರಿ. ಗಂಡಿನ ಕಡೆಯ ಹಿರಿಯ ಇಳಿದು ಬಂದು, ಪಂಚಮಿಗೆ ಕಳಸ್ತೀವಿ ಅನ್ನಬೇಕು. ಆಮೇಲೆ ಆ ಹೆಂಗಸು ಕಿಟಕಿಯ ಹತ್ತಿರ ಹೋಗಿ ಬಗ್ಗಿ, ಕೇಳಿಸ್ತೇನವ್ವಾ ಅಂತ ಮದುಮಗಳನ್ನ ಕೇಳುತ್ತಾಳೆ. ಅವಳು ಅಳುತ್ತಿರುತ್ತಾಳೆ. ಹೂಂ ಅಂತ ತಲೆ ಆಡಿಸುತ್ತಾಳೆ. ಆಗ ದಾರಿ ಬಿಡುತ್ತಾರೆ.